ವಿಡಿಯೋ ಗೇಮ್‌ಗಳಲ್ಲಿ ಎಚ್ಚರಿಕೆ ಸೂಚನೆ: ಅಗತ್ಯ, ಸ್ವರೂಪ ಮತ್ತು ಮಿತಿ

ಪೀಠಿಕೆ

ಅಂಗಡಿಯಲ್ಲಿ ದೊರೆಯುವ ಬಿಸ್ಕತ್ತಿನ ಪೊಟ್ಟಣದ ಮೇಲೆ ಅದರಲ್ಲಿರುವ ಪದಾರ್ಥಗಳ ಪಟ್ಟಿ ಮುದ್ರಿತವಾಗಿರುತ್ತದೆ. ಕಡಲೆಕಾಯಿ ಒಗ್ಗದವರು ಆ ಪಟ್ಟಿಯನ್ನು ಓದಿ ಪೊಟ್ಟಣವನ್ನು ಅಲ್ಲಿಯೇ ಬಿಡುತ್ತಾರೆ, ಉಳಿದವರು ಕೊಂಡೊಯ್ಯುತ್ತಾರೆ. ಪಟ್ಟಿಯನ್ನು ಮುದ್ರಿಸಿದ ಕಾರಣಕ್ಕೆ ಮಾರಾಟ ನಿಲ್ಲುವುದಿಲ್ಲ, ಬಿಸ್ಕತ್ತಿನ ರುಚಿಯೂ ಕೆಡುವುದಿಲ್ಲ. ಒಳಗೆ ಏನಿದೆ ಎಂಬುದನ್ನು ಕೊಳ್ಳುವವರು ಮೊದಲೇ ತಿಳಿಯುತ್ತಾರೆ, ಅಷ್ಟೆ.

ವಿಡಿಯೋ ಗೇಮ್ ಕೂಡ ಹಣ ಕೊಟ್ಟು ಕೊಳ್ಳುವ ಸರಕೇ ಆಗಿದೆ. ಅದರೊಳಗೆ ಯುದ್ಧ, ಕೊಲೆ, ಆತ್ಮಹತ್ಯೆ, ಲೈಂಗಿಕ ದೌರ್ಜನ್ಯ, ಮಾನಸಿಕ ಅಸ್ವಸ್ಥತೆ ಮುಂತಾದ ಗಂಭೀರ ವಿಷಯಗಳು ಬರುವುದುಂಟು. ಬಹುಪಾಲು ಆಟಗಾರರಿಗೆ ಇವು ಕಥೆಯ ಭಾಗ ಮಾತ್ರ. ಆದರೆ ಅಂತಹ ಘಟನೆಯನ್ನು ಜೀವನದಲ್ಲಿ ಸ್ವತಃ ಅನುಭವಿಸಿದವರಿಗೆ ಅದೇ ದೃಶ್ಯವು ಅನಿರೀಕ್ಷಿತವಾಗಿ ಎದುರಾದಾಗ ತೀವ್ರ ಯಾತನೆ ಉಂಟಾಗಬಹುದು. ಇದನ್ನು ಗಮನದಲ್ಲಿರಿಸಿ, ಆಟದಲ್ಲಿರುವ ಸೂಕ್ಷ್ಮ ವಿಷಯಗಳನ್ನು ಮೊದಲೇ ತಿಳಿಸುವ ಪದ್ಧತಿಯು ಹಲವು ದೇಶಗಳ ತಯಾರಕರಲ್ಲಿ ಬೆಳೆದು ಬಂದಿದೆ. ಇದನ್ನು ಸಾಮಾನ್ಯವಾಗಿ ಟ್ರಿಗರ್ ವಾರ್ನಿಂಗ್ ಎಂದು ಕರೆಯಲಾಗುತ್ತದೆ. ಈ ಲೇಖನದಲ್ಲಿ ಅದನ್ನು ಎಚ್ಚರಿಕೆ ಸೂಚನೆ ಎಂದು ಕರೆದು, ಅದರ ಅಗತ್ಯ, ಸ್ವರೂಪ ಹಾಗೂ ಮಿತಿಗಳನ್ನು ಸಾರ್ವಜನಿಕರ ಮಾಹಿತಿಗಾಗಿ ವಿವರಿಸಲಾಗಿದೆ.

ಎಚ್ಚರಿಕೆ ಸೂಚನೆ ಎಂದರೇನು?

ಟ್ರಿಗರ್ ಎಂಬ ಪದವು ಆಘಾತಕ್ಕೊಳಗಾದವರ ಚಿಕಿತ್ಸೆಯ ಕ್ಷೇತ್ರದಿಂದ ಬಂದಿದೆ. ಯುದ್ಧ, ಅಪಘಾತ, ದೌರ್ಜನ್ಯ ಮುಂತಾದವುಗಳ ನಂತರ ಕೆಲವರಲ್ಲಿ ದೀರ್ಘಕಾಲ ಉಳಿಯುವ ತೊಂದರೆಯನ್ನು ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ತನ್ನ ರೋಗ ವರ್ಗೀಕರಣದ ಕೈಪಿಡಿಯಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆ ಎಂದು ಸೇರಿಸಿತು. ಈ ತೊಂದರೆ ಇರುವವರಲ್ಲಿ ಒಂದು ಶಬ್ದ, ಒಂದು ವಾಸನೆ ಅಥವಾ ಒಂದು ದೃಶ್ಯವು ಹಳೆಯ ಘಟನೆಯನ್ನು ಕಣ್ಣೆದುರೇ ಮತ್ತೆ ನಡೆಯುತ್ತಿರುವಂತೆ ಮರುಕಳಿಸಬಲ್ಲದು. ಎದೆಬಡಿತ ಹೆಚ್ಚುವುದು, ಬೆವರುವುದು, ಉಸಿರು ಕಟ್ಟಿದಂತಾಗುವುದು, ರಾತ್ರಿ ನಿದ್ರೆ ಬಾರದಿರುವುದು ಇದರ ಪರಿಣಾಮಗಳು. ಹೀಗೆ ನೆನಪನ್ನು ಕೆರಳಿಸುವ ಅಂಶವೇ ಟ್ರಿಗರ್.

ಅಂತಹ ಅಂಶವು ಆಟದಲ್ಲಿದೆ ಎಂದು ಆಟ ಆರಂಭವಾಗುವ ಮೊದಲು ಅಥವಾ ಆ ದೃಶ್ಯ ಬರುವ ಮೊದಲು ತಿಳಿಸುವ ಬರಹವೇ ಎಚ್ಚರಿಕೆ ಸೂಚನೆ. ಇದು ನಿಷೇಧವಲ್ಲ, ಕತ್ತರಿ ಪ್ರಯೋಗವೂ ಅಲ್ಲ. ದೃಶ್ಯವು ಇದ್ದ ಹಾಗೆಯೇ ಇರುತ್ತದೆ. ಅದನ್ನು ನೋಡಬೇಕೇ, ಯಾವಾಗ ನೋಡಬೇಕು, ಯಾರೊಡನೆ ಕುಳಿತು ನೋಡಬೇಕು ಎಂಬ ತೀರ್ಮಾನವು ಆಟಗಾರರಿಗೆ ಬಿಟ್ಟದ್ದಾಗಿರುತ್ತದೆ.

ವಯೋಮಿತಿಯ ಗುರುತಿಗೂ ಎಚ್ಚರಿಕೆ ಸೂಚನೆಗೂ ಇರುವ ವ್ಯತ್ಯಾಸ

ಆಟಗಳಿಗೆ ವಯೋಮಿತಿಯ ಗುರುತು ಈಗಾಗಲೇ ಇರುವಾಗ ಮತ್ತೊಂದು ಸೂಚನೆ ಏಕೆ ಎಂಬ ಪ್ರಶ್ನೆ ಸಹಜವಾದುದು. ಮಾರ್ಟಲ್ ಕಾಂಬ್ಯಾಟ್, ನೈಟ್ ಟ್ರ್ಯಾಪ್ ಮುಂತಾದ ಆಟಗಳ ಬಗ್ಗೆ 1993ರಲ್ಲಿ ಅಮೆರಿಕದ ಸೆನೆಟ್‌ನಲ್ಲಿ ವಿಚಾರಣೆ ನಡೆದ ತರುವಾಯ, ಅಲ್ಲಿನ ಆಟ ಉದ್ಯಮವು 1994ರಲ್ಲಿ ಇ.ಎಸ್.ಆರ್.ಬಿ. ಎಂಬ ವರ್ಗೀಕರಣ ಮಂಡಳಿಯನ್ನು ಸ್ಥಾಪಿಸಿತು. ಯುರೋಪಿನಲ್ಲಿ 2003ರಲ್ಲಿ ಪೆಗಿ ಎಂಬ ವ್ಯವಸ್ಥೆ ಜಾರಿಗೆ ಬಂದಿತು. ಅದರಲ್ಲಿ 3, 7, 12, 16 ಮತ್ತು 18 ಎಂಬ ಐದು ವಯೋಮಿತಿಗಳಿದ್ದು, ಹಿಂಸೆ, ಭಯ, ಕೆಟ್ಟ ಮಾತು, ಮಾದಕ ವಸ್ತು, ಜೂಜು ಮುಂತಾದವುಗಳಿಗೆ ಚಿತ್ರ ಗುರುತುಗಳಿವೆ.

ಈ ಗುರುತುಗಳು ಮುಖ್ಯವಾಗಿ ಉತ್ತರಿಸುವ ಪ್ರಶ್ನೆ, ಈ ಆಟವು ಯಾವ ವಯಸ್ಸಿನವರಿಗೆ ಸೂಕ್ತ ಎಂಬುದು. ಎಚ್ಚರಿಕೆ ಸೂಚನೆಯು ಉತ್ತರಿಸುವ ಪ್ರಶ್ನೆಯೇ ಬೇರೆ. ಆಘಾತಕ್ಕೆ ವಯಸ್ಸಿನ ಮಿತಿಯಿಲ್ಲ. ಇತ್ತೀಚೆಗೆ ಮಗುವನ್ನು ಕಳೆದುಕೊಂಡ 35 ವರ್ಷದ ತಾಯಿಗೆ 18 ಎಂಬ ಗುರುತಿನಿಂದ ಯಾವ ಮಾಹಿತಿಯೂ ದೊರೆಯುವುದಿಲ್ಲ. ಹಿಂಸೆ ಎಂಬ ಒಂದೇ ಪದದಡಿಯಲ್ಲಿ ವ್ಯಂಗ್ಯಚಿತ್ರದಂತಹ ಹೊಡೆದಾಟವೂ ಬರಬಹುದು, ಮನೆಯೊಳಗಿನ ದೌರ್ಜನ್ಯವೂ ಬರಬಹುದು. ಆದ್ದರಿಂದ ಇವೆರಡೂ ಒಂದಕ್ಕೊಂದು ಪೂರಕವೇ ಹೊರತು, ಒಂದರ ಸ್ಥಾನವನ್ನು ಮತ್ತೊಂದು ತುಂಬಲಾರದು.

ವಿಡಿಯೋ ಗೇಮ್‌ಗಳಿಗೆ ಇದು ವಿಶೇಷವಾಗಿ ಅಗತ್ಯವೇಕೆ?

ಪುಸ್ತಕ ಹಾಗೂ ಚಲನಚಿತ್ರಗಳಲ್ಲಿಯೂ ಸೂಕ್ಷ್ಮ ವಿಷಯಗಳಿರುತ್ತವೆ. ಆದರೆ ವಿಡಿಯೋ ಗೇಮ್‌ಗಳ ಸ್ವರೂಪವು ಮೂರು ಕಾರಣಗಳಿಂದ ಭಿನ್ನವಾಗಿದೆ.

1. ಆಟಗಾರನೇ ಕರ್ತೃ: ಚಲನಚಿತ್ರದಲ್ಲಿ ಪ್ರೇಕ್ಷಕನು ನೋಡುತ್ತಾನೆ, ಆಟದಲ್ಲಿ ಆಟಗಾರನೇ ಗುಂಡಿಯನ್ನು ಒತ್ತಿ ಕೃತ್ಯವನ್ನು ಮಾಡಬೇಕಾಗುತ್ತದೆ. ಕಣ್ಣು ಮುಚ್ಚಿಕೊಂಡರೆ ಆಟ ಮುಂದುವರಿಯುವುದಿಲ್ಲ. ಒಂದು ಹಂತವನ್ನು ದಾಟದೆ ಮುಂದಿನ ಹಂತಕ್ಕೆ ಹೋಗಲು ಸಾಧ್ಯವಿಲ್ಲದಿರುವುದರಿಂದ, ಸೋತಷ್ಟು ಸಲವೂ ಅದೇ ದೃಶ್ಯವನ್ನು ಮತ್ತೆ ಎದುರಿಸಬೇಕಾಗಬಹುದು.

2. ದೀರ್ಘ ಅವಧಿ: ಒಂದು ಚಲನಚಿತ್ರವು ಎರಡೂವರೆ ಗಂಟೆಯಲ್ಲಿ ಮುಗಿದರೆ, ಕಥಾಪ್ರಧಾನ ಆಟವು 20ರಿಂದ 50 ಗಂಟೆಗಳವರೆಗೂ ಸಾಗಬಹುದು. ಮೊದಲ ಭಾಗವನ್ನು ಆಡಿ ನೋಡಿದ ಮಾತ್ರಕ್ಕೆ ಮುಂದೆ ಏನಿದೆ ಎಂಬುದು ತಿಳಿಯುವುದಿಲ್ಲ.

3. ಹಣ ಹಿಂಪಡೆಯುವ ಅವಕಾಶದ ಮಿತಿ: ಗಣಕಯಂತ್ರದ ಆಟಗಳನ್ನು ಮಾರುವ ಸ್ಟೀಮ್ ಎಂಬ ಅಂತರಜಾಲ ಮಳಿಗೆಯು 2015ರಲ್ಲಿ ಜಾರಿಗೆ ತಂದ ನಿಯಮದಂತೆ, ಕೊಂಡ 14 ದಿನಗಳೊಳಗೆ ಹಾಗೂ 2 ಗಂಟೆಗಿಂತ ಕಡಿಮೆ ಆಡಿದ್ದಲ್ಲಿ ಹಣವನ್ನು ಹಿಂಪಡೆಯಬಹುದು. ಸಂಕಟ ತರುವ ದೃಶ್ಯವು ಹತ್ತನೆಯ ಗಂಟೆಯಲ್ಲಿ ಬಂದರೆ ಈ ನಿಯಮದ ಪ್ರಯೋಜನ ದೊರೆಯುವುದಿಲ್ಲ. ಆದುದರಿಂದ ಮಾಹಿತಿಯು ಖರೀದಿಗೆ ಮುಂಚೆಯೇ ದೊರೆಯುವುದು ಗ್ರಾಹಕರ ಹಿತದೃಷ್ಟಿಯಿಂದಲೂ ಅವಶ್ಯಕವಾಗಿದೆ.

ದೇಹಕ್ಕೂ ಅಪಾಯ: ಮಿನುಗುವ ಬೆಳಕು

ಎಚ್ಚರಿಕೆ ಸೂಚನೆಯು ಕೇವಲ ಮನಸ್ಸಿಗೆ ಸಂಬಂಧಿಸಿದ್ದಲ್ಲ. ಮೂರ್ಛೆ ರೋಗವಿರುವವರಲ್ಲಿ ಸುಮಾರು ಶೇ. 3ರಷ್ಟು ಮಂದಿಗೆ ವೇಗವಾಗಿ ಮಿನುಗುವ ಬೆಳಕಿನಿಂದ ಫಿಟ್ಸ್ ಬರುವ ಸಂಭವವಿದೆ. ಮಕ್ಕಳು ಹಾಗೂ ಹದಿಹರೆಯದವರಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಕೆಲವರಿಗೆ ತಮಗೆ ಈ ತೊಂದರೆ ಇರುವುದೇ ಮೊದಲ ಫಿಟ್ಸ್ ಬಂದಾಗ ತಿಳಿಯುತ್ತದೆ. ಜಪಾನಿನಲ್ಲಿ 16 ಡಿಸೆಂಬರ್ 1997ರಂದು ಪ್ರಸಾರವಾದ ಪೋಕೆಮಾನ್ ದೂರದರ್ಶನ ಧಾರಾವಾಹಿಯ ಒಂದು ಕಂತಿನಲ್ಲಿ ಕೆಂಪು ಮತ್ತು ನೀಲಿ ಬೆಳಕು ವೇಗವಾಗಿ ಮಿನುಗಿದ ಪರಿಣಾಮವಾಗಿ ಸುಮಾರು 685 ಮಕ್ಕಳನ್ನು ಆಸ್ಪತ್ರೆಗಳಿಗೆ ಒಯ್ಯಬೇಕಾಯಿತು.

ಆಟಗಳ ಕ್ಷೇತ್ರದಲ್ಲಿ ಇತ್ತೀಚಿನ ಉದಾಹರಣೆ, 2020ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಸೈಬರ್‌ಪಂಕ್ 2077. ಇದರಲ್ಲಿ ಪಾತ್ರಧಾರಿಯು ತಲೆಗೆ ತೊಡುವ ಉಪಕರಣವೊಂದು ಬಿಳಿ ಮತ್ತು ಕೆಂಪು ಬೆಳಕನ್ನು ವೇಗವಾಗಿ ಹೊರಸೂಸುವ ದೃಶ್ಯವಿತ್ತು. ಬಿಡುಗಡೆಗೆ ಮುಂಚೆ ಆಟವನ್ನು ಪರಿಶೀಲಿಸುತ್ತಿದ್ದ ವಿಮರ್ಶಕಿಯೊಬ್ಬರಿಗೆ ಅದನ್ನು ಆಡುವಾಗ ಫಿಟ್ಸ್ ಬಂದಿತು. ಅವರು ಇದನ್ನು ಬಹಿರಂಗವಾಗಿ ಬರೆದ ಮೇಲೆ ತಯಾರಕ ಸಂಸ್ಥೆಯು ಆಟದ ಆರಂಭದಲ್ಲಿ ಪ್ರತ್ಯೇಕ ಎಚ್ಚರಿಕೆಯನ್ನು ಸೇರಿಸಿತು. ಅನಂತರ ಆ ಬೆಳಕಿನ ವಿನ್ಯಾಸವನ್ನೇ ಬದಲಿಸಿತು. ಎಚ್ಚರಿಕೆಯನ್ನು ನೀಡಿದ್ದು ಮೊದಲ ಹೆಜ್ಜೆ, ಅಪಾಯವನ್ನೇ ತಗ್ಗಿಸಿದ್ದು ಎರಡನೆಯ ಹೆಜ್ಜೆ ಎಂಬುದನ್ನು ಇಲ್ಲಿ ಗಮನಿಸಬಹುದು.

ತಯಾರಕರು ಅನುಸರಿಸಿದ ಕ್ರಮಗಳು: ಕೆಲವು ಉದಾಹರಣೆಗಳು

ಅ) ದಾಟಿ ಹೋಗುವ ಅವಕಾಶ: 2009ರಲ್ಲಿ ಬಿಡುಗಡೆಯಾದ ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2 ಆಟದ ಒಂದು ಹಂತದಲ್ಲಿ, ಭಯೋತ್ಪಾದಕರ ಗುಂಪಿನೊಳಗೆ ವೇಷ ಮರೆಸಿ ಸೇರಿಕೊಂಡ ಗೂಢಚಾರನ ಪಾತ್ರದಲ್ಲಿ ಆಟಗಾರನು ವಿಮಾನ ನಿಲ್ದಾಣದಲ್ಲಿನ ನಾಗರಿಕರ ಹತ್ಯಾಕಾಂಡದ ನಡುವೆ ಇರಬೇಕಾಗುತ್ತದೆ. ಇಂತಹ ಹಂತವೊಂದಿದೆ ಎಂದು ಮುಂಚಿತವಾಗಿ ತಿಳಿಸಿ, ಅದನ್ನು ಬಿಟ್ಟು ಮುಂದೆ ಹೋಗುವ ಆಯ್ಕೆಯನ್ನು ನೀಡಲಾಗಿತ್ತು. ಬಿಟ್ಟವರ ಆಟದ ಪ್ರಗತಿಗೆ ಯಾವ ಕುಂದೂ ಇರಲಿಲ್ಲ.

ಆ) ತಜ್ಞರ ನೆರವು: 2017ರ ಹೆಲ್‌ಬ್ಲೇಡ್: ಸೆನುವಾಸ್ ಸ್ಯಾಕ್ರಿಫೈಸ್ ಆಟದ ನಾಯಕಿಗೆ ಇಲ್ಲದ ಧ್ವನಿಗಳು ಕೇಳಿಸುತ್ತವೆ. ಬ್ರಿಟನ್ನಿನ ತಯಾರಕ ಸಂಸ್ಥೆ ನಿಂಜಾ ಥಿಯರಿಯು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಮನೋವೈದ್ಯ ಪ್ರಾಧ್ಯಾಪಕ ಪಾಲ್ ಫ್ಲೆಚರ್ ಅವರ ಹಾಗೂ ಅಂತಹ ಅನುಭವವಿದ್ದ ವ್ಯಕ್ತಿಗಳ ಸಲಹೆ ಪಡೆದು ಇದನ್ನು ರೂಪಿಸಿತು. ತೀವ್ರ ಮನೋರೋಗದ ಚಿತ್ರಣವಿದೆ, ಅಂತಹ ಅನುಭವವಿರುವವರಿಗೂ ಇತರರಿಗೂ ಇದು ಕಳವಳಕಾರಿಯಾಗಬಹುದು ಎಂಬ ಸೂಚನೆಯು ಆರಂಭದಲ್ಲಿಯೇ ಕಾಣಿಸುತ್ತದೆ.

ಇ) ಎರಡು ಹಂತದ ಸೂಚನೆ: 2017ರ ಡೋಕಿ ಡೋಕಿ ಲಿಟರೇಚರ್ ಕ್ಲಬ್ ಎಂಬ ಆಟವು ನೋಡಲು ಶಾಲಾ ಮಕ್ಕಳ ಸಾಹಿತ್ಯ ಸಂಘದ ಹಗುರವಾದ ಪ್ರೇಮಕಥೆಯಂತಿದೆ. ಆದರೆ ಮುಂದೆ ಅದರಲ್ಲಿ ಆತ್ಮಹತ್ಯೆಯ ದೃಶ್ಯ ಬರುತ್ತದೆ. ಮಕ್ಕಳಿಗೆ ಹಾಗೂ ಸುಲಭವಾಗಿ ಮನಸ್ಸು ಕಲಕುವವರಿಗೆ ತಕ್ಕುದಲ್ಲ ಎಂಬ ಸಾಮಾನ್ಯ ಎಚ್ಚರಿಕೆ ಆರಂಭದಲ್ಲಿತ್ತು. 2021ರಲ್ಲಿ ಬಂದ ಹೊಸ ಆವೃತ್ತಿಯಲ್ಲಿ, ಇಚ್ಛಿಸಿದವರಿಗೆ ಮಾತ್ರ ಆಯಾ ದೃಶ್ಯದ ಮೊದಲು ವಿವರವಾದ ಸೂಚನೆ ಕಾಣುವ ವ್ಯವಸ್ಥೆಯನ್ನು ಕಲ್ಪಿಸಲಾಯಿತು.

ಈ) ದೃಶ್ಯದ ಮಾರ್ಪಾಡು: 2020ರಲ್ಲಿ ಆರಂಭಿಕ ಆವೃತ್ತಿಯಾಗಿ ಬಂದ ಗ್ರೌಂಡೆಡ್ ಆಟದಲ್ಲಿ ಇರುವೆಯಷ್ಟು ಚಿಕ್ಕವರಾದ ಮಕ್ಕಳು ಜೇಡಗಳನ್ನು ಎದುರಿಸಬೇಕು. ಜೇಡವನ್ನು ಕಂಡರೆ ವಿಪರೀತ ಭಯಪಡುವವರಿಗಾಗಿ, ಜೇಡದ ಕಾಲು ಮುಂತಾದ ಭಾಗಗಳನ್ನು ಹಂತ ಹಂತವಾಗಿ ತೆಗೆದು ಕೊನೆಗೆ ಉಂಡೆಯಂತೆ ತೋರಿಸುವ ಆಯ್ಕೆ ಇದೆ. ಆಟದ ಸವಾಲು ಮಾತ್ರ ಹಾಗೆಯೇ ಉಳಿಯುತ್ತದೆ.

ಉ) ಸೂಚನೆಯ ತಿದ್ದುಪಡಿ: 2021ರ ಬಾಯ್‌ಫ್ರೆಂಡ್ ಡಂಜನ್ ಆಟವು, ಹಿಂಬಾಲಿಸಿ ಪೀಡಿಸುವ ವಿಷಯದ ಉಲ್ಲೇಖವಿರಬಹುದು ಎಂದು ಮಾತ್ರ ಆರಂಭದಲ್ಲಿ ತಿಳಿಸಿತ್ತು. ವಾಸ್ತವವಾಗಿ ಅದು ಕಥೆಯ ಮುಖ್ಯ ಭಾಗವೇ ಆಗಿತ್ತು. ಆಟಗಾರರು ಇದನ್ನು ಎತ್ತಿ ತೋರಿಸಿದಾಗ ತಯಾರಕರು ಕ್ಷಮೆ ಕೋರಿ ಸೂಚನೆಯನ್ನು ಸ್ಪಷ್ಟಪಡಿಸಿದರು. ಇದೇ ಆಟದಲ್ಲಿ ನಾಯಕ ಪಾತ್ರಕ್ಕೆ ತಾಯಿಯಿಂದ ಬರುವ ಸಂದೇಶಗಳನ್ನು ನಿಲ್ಲಿಸುವ ಆಯ್ಕೆಯೂ ಇದೆ. ತಾಯಿಯನ್ನು ಕಳೆದುಕೊಂಡವರಿಗೆ ಅಥವಾ ತಾಯಿಯೊಡನೆ ಕಹಿ ಅನುಭವವಿದ್ದವರಿಗೆ ಪ್ರೀತಿಯ ಮಾತೂ ನೋವಾಗಬಹುದು ಎಂಬ ಅರಿವು ಇದರ ಹಿಂದಿದೆ.

ಆಕ್ಷೇಪಣೆಗಳು ಮತ್ತು ಸಮಾಧಾನ

ಎಚ್ಚರಿಕೆ ಸೂಚನೆಗಳ ಬಗ್ಗೆ ಭಿನ್ನಾಭಿಪ್ರಾಯಗಳಿದ್ದು, ಅವುಗಳಲ್ಲಿ ಪ್ರಮುಖವಾದವು ಈ ಕೆಳಗಿನಂತಿವೆ.

ಕಥೆಯ ಕುತೂಹಲ ಕೆಡುತ್ತದೆ: ಇದು ಒಪ್ಪತಕ್ಕ ಆಕ್ಷೇಪಣೆ. ಆದರೆ ಮೇಲೆ ವಿವರಿಸಿದ ಎರಡು ಹಂತದ ಪದ್ಧತಿಯಲ್ಲಿ ಇದಕ್ಕೆ ಪರಿಹಾರವಿದೆ. ಸಾಮಾನ್ಯ ಸೂಚನೆಯನ್ನು ಎಲ್ಲರಿಗೂ, ವಿವರವನ್ನು ಬೇಕೆಂದವರಿಗೆ ಮಾತ್ರ ನೀಡಿದರೆ ಇಬ್ಬರ ಹಿತವೂ ಉಳಿಯುತ್ತದೆ. ಅಲ್ಲದೆ, ಆತ್ಮಹತ್ಯೆಯ ದೃಶ್ಯವಿದೆ ಎಂದು ಹೇಳುವುದಕ್ಕೂ, ಯಾವ ಪಾತ್ರ ಯಾವಾಗ ಸಾಯುತ್ತದೆ ಎಂದು ಹೇಳುವುದಕ್ಕೂ ಬಹಳ ಅಂತರವಿದೆ.

ಜನರನ್ನು ದುರ್ಬಲಗೊಳಿಸುತ್ತದೆ: ಭಯಪಡುವ ವಿಷಯದಿಂದ ಸದಾ ದೂರವಿದ್ದರೆ ಭಯ ಗಟ್ಟಿಯಾಗುತ್ತದೆ ಎಂಬುದು ಚಿಕಿತ್ಸಾ ಕ್ಷೇತ್ರದಲ್ಲಿ ಒಪ್ಪಿತವಾದ ಮಾತು. ಭಯದ ವಿಷಯವನ್ನು ಕ್ರಮೇಣ ಎದುರಿಸುವ ಚಿಕಿತ್ಸೆಯೂ ಇದೆ. ಆದರೆ ಅದು ನಡೆಯುವುದು ವ್ಯಕ್ತಿಯ ಒಪ್ಪಿಗೆಯೊಂದಿಗೆ, ಪೂರ್ವಸಿದ್ಧತೆಯೊಂದಿಗೆ, ತರಬೇತಿ ಪಡೆದವರ ಮಾರ್ಗದರ್ಶನದಲ್ಲಿ. ರಾತ್ರಿ ಹನ್ನೊಂದು ಗಂಟೆಗೆ ಮನೆಯಲ್ಲಿ ಒಬ್ಬರೇ ಕುಳಿತು ಆಡುವಾಗ ಹಠಾತ್ತನೆ ಎದುರಾಗುವ ದೃಶ್ಯವನ್ನು ಚಿಕಿತ್ಸೆಯೆಂದು ಕರೆಯಲಾಗದು.

ಸೂಚನೆಯಿಂದ ಪ್ರಯೋಜನವಿಲ್ಲವೆಂದು ಅಧ್ಯಯನಗಳು ಹೇಳುತ್ತವೆ: ಇದನ್ನು ಮರೆಮಾಚದೆ ತಿಳಿಸುವುದು ಅವಶ್ಯಕ. 12 ಅಧ್ಯಯನಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಎಚ್ಚರಿಕೆಯನ್ನು ಓದಿದವರಿಗೆ ಅನಂತರ ಉಂಟಾದ ಸಂಕಟವು ಓದದವರಿಗಿಂತ ಕಡಿಮೆಯಾಗಿರಲಿಲ್ಲ. ದೃಶ್ಯ ಬರುವ ಮುನ್ನ ಆತಂಕ ತುಸು ಹೆಚ್ಚಾಗಿತ್ತು. ಎಚ್ಚರಿಕೆಯ ಕಾರಣದಿಂದ ಹೆಚ್ಚಿನವರು ದೂರ ಸರಿದದ್ದೂ ಕಂಡುಬರಲಿಲ್ಲ. ಇದರ ಅರ್ಥ, ಎಚ್ಚರಿಕೆ ಸೂಚನೆಯು ಔಷಧವಲ್ಲ ಎಂಬುದು. ಔಷಧವೆಂದು ಹೇಳಿಕೊಂಡರೆ ಅದು ತಪ್ಪಾಗುತ್ತದೆ. ಅದರ ಸಮರ್ಥನೆ ನಿಲ್ಲುವುದು ಬೇರೊಂದು ಆಧಾರದ ಮೇಲೆ: ಕೊಳ್ಳುವ ಸರಕಿನಲ್ಲಿ ಏನಿದೆ ಎಂದು ತಿಳಿಯುವುದು ಗ್ರಾಹಕರ ಹಕ್ಕು, ಮತ್ತು ತಿಳಿದ ಮೇಲೆ ಆರಿಸಿಕೊಳ್ಳಲು ನಿಜವಾದ ಅವಕಾಶವಿರಬೇಕು. ಕೇವಲ ಎಚ್ಚರಿಸಿ, ದಾಟಿ ಹೋಗುವ ದಾರಿಯನ್ನು ನೀಡದಿದ್ದರೆ, ಆತಂಕವನ್ನು ಮಾತ್ರ ಕೊಟ್ಟು ಆಯ್ಕೆಯನ್ನು ಕೊಡದಂತಾಗುತ್ತದೆ.

ಸೃಜನಶೀಲ ಸ್ವಾತಂತ್ರ್ಯಕ್ಕೆ ಧಕ್ಕೆ: ಸೂಚನೆಯು ದೃಶ್ಯವನ್ನು ತೆಗೆಯುವುದಿಲ್ಲ. ಹೆಲ್‌ಬ್ಲೇಡ್‌ನಂತಹ ಆಟವು ಕಠಿಣ ವಿಷಯವನ್ನು ತೆಗೆದುಕೊಂಡು, ಮೊದಲೇ ಹೇಳಿ, ಅನಂತರ ಅದನ್ನು ಪೂರ್ಣವಾಗಿ ಚಿತ್ರಿಸಿದೆ. ಮೊದಲೇ ತಿಳಿಸಿದ ತಯಾರಕನಿಗೆ ಗಂಭೀರ ವಿಷಯವನ್ನು ಮುಟ್ಟುವ ಧೈರ್ಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಉತ್ತಮ ಎಚ್ಚರಿಕೆ ಸೂಚನೆಯ ಲಕ್ಷಣಗಳು

1. ಖರೀದಿಗೆ ಮುಂಚೆ ಮಾರಾಟದ ಪುಟದಲ್ಲಿ ಹಾಗೂ ಆಟದ ಆರಂಭದಲ್ಲಿ, ಎರಡೂ ಕಡೆ ಲಭ್ಯವಿರಬೇಕು.
2. ಸೂಕ್ಷ್ಮ ವಿಷಯಗಳಿವೆ ಎಂಬ ಅಸ್ಪಷ್ಟ ವಾಕ್ಯದ ಬದಲು ವಿಷಯದ ಹೆಸರನ್ನು ನೇರವಾಗಿ ತಿಳಿಸಬೇಕು.
3. ಉಲ್ಲೇಖ ಮಾತ್ರವಿದೆಯೇ, ದೃಶ್ಯವಾಗಿ ತೋರಿಸಲಾಗಿದೆಯೇ, ಆಟಗಾರನೇ ಕೃತ್ಯವನ್ನು ಮಾಡಬೇಕೇ ಎಂಬುದು ಸ್ಪಷ್ಟವಿರಬೇಕು.
4. ಸೂಚನೆಯ ಜೊತೆಯಲ್ಲಿ ದೃಶ್ಯವನ್ನು ದಾಟುವ, ಮಾರ್ಪಡಿಸುವ ಅಥವಾ ತಕ್ಷಣ ನಿಲ್ಲಿಸುವ ಆಯ್ಕೆ ಇರಬೇಕು.
5. ಆಯ್ಕೆಯನ್ನು ಬಳಸಿದವರಿಗೆ ಅಂಕದಲ್ಲಾಗಲಿ ಪ್ರಗತಿಯಲ್ಲಾಗಲಿ ದಂಡ ವಿಧಿಸಬಾರದು.
6. ಭಾಷೆ ಸರಳವಾಗಿರಬೇಕು, ಎಲ್ಲ ಆಟಗಳಿಗೂ ಎಲ್ಲ ಎಚ್ಚರಿಕೆಗಳನ್ನೂ ಸೇರಿಸಿ ಯಾರೂ ಓದದಂತೆ ಮಾಡಬಾರದು.

ಭಾರತದಲ್ಲಿನ ಸ್ಥಿತಿ

ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿಯು ಚಲನಚಿತ್ರಗಳಿಗೆ ಪ್ರಮಾಣಪತ್ರ ನೀಡುತ್ತದೆ. ವಿಡಿಯೋ ಗೇಮ್‌ಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಅಂತರಜಾಲದಲ್ಲಿ ಪ್ರಸಾರವಾಗುವ ಚಲನಚಿತ್ರ ಹಾಗೂ ಧಾರಾವಾಹಿಗಳಿಗೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಅನ್ವಯ ವಯೋಮಿತಿಯ ವರ್ಗೀಕರಣದೊಂದಿಗೆ ವಿಷಯದ ವಿವರಣೆಯನ್ನೂ ತೋರಿಸಬೇಕಾಗಿದೆ. 2025ರಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಮುಖ್ಯ ಗಮನವಿರುವುದು ಹಣವನ್ನು ಪಣಕ್ಕಿಡುವ ಆಟಗಳ ನಿಷೇಧದ ಮೇಲೆ. ಮೊಬೈಲ್ ಆಟಗಳಿಗೆ ಸಂಬಂಧಿಸಿದಂತೆ, ಗೂಗಲ್ ಪ್ಲೇ ಮಳಿಗೆಯಲ್ಲಿ 3+, 7+, 12+, 16+ ಮತ್ತು 18+ ಎಂಬ ವಯೋಮಿತಿಗಳು ಕಾಣುತ್ತವೆ. ಇವು ಅಂತರರಾಷ್ಟ್ರೀಯ ವ್ಯವಸ್ಥೆಯೊಂದರ ಪ್ರಶ್ನಾವಳಿಗೆ ತಯಾರಕರು ನೀಡುವ ಉತ್ತರಗಳನ್ನು ಆಧರಿಸಿವೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಸರಕು ಮತ್ತು ಸೇವೆಗಳ ಗುಣಮಟ್ಟ, ಪ್ರಮಾಣ, ಬೆಲೆ ಮುಂತಾದ ಮಾಹಿತಿಯನ್ನು ಪಡೆಯುವುದನ್ನು ಗ್ರಾಹಕರ ಹಕ್ಕೆಂದು ಗುರುತಿಸಿದೆ. ಆಟದೊಳಗಿನ ದೃಶ್ಯಗಳ ಬಗ್ಗೆ ಅದರಲ್ಲಿ ಪ್ರತ್ಯೇಕ ಉಲ್ಲೇಖವಿಲ್ಲ. ಆದರೂ ಎಚ್ಚರಿಕೆ ಸೂಚನೆಯ ಹಿಂದಿರುವ ಆಶಯವು ಅದೇ ಆಗಿದೆ.

ಪೋಷಕರು ಹಾಗೂ ಆಟಗಾರರು ಗಮನಿಸಬೇಕಾದ ಅಂಶಗಳು

* ಆಟವನ್ನು ಕೊಳ್ಳುವ ಮುನ್ನ ವಯೋಮಿತಿಯ ಗುರುತಿನ ಜೊತೆಗೆ ಮಾರಾಟದ ಪುಟದಲ್ಲಿರುವ ವಿಷಯದ ವಿವರಣೆಯನ್ನೂ ಓದಬೇಕು. ಚಿತ್ರಗಳು ಮುದ್ದಾಗಿವೆ ಎಂಬ ಕಾರಣಕ್ಕೆ ಮಕ್ಕಳ ಆಟವೆಂದು ಭಾವಿಸಬಾರದು.
* ಆಟದ ಸೆಟ್ಟಿಂಗ್ಸ್‌ನಲ್ಲಿ ರಕ್ತ, ಮಿನುಗುವ ಬೆಳಕು, ಭಯಾನಕ ದೃಶ್ಯ ಮುಂತಾದವುಗಳನ್ನು ಕಡಿಮೆ ಮಾಡುವ ಆಯ್ಕೆಗಳಿವೆಯೇ ಎಂದು ಮೊದಲೇ ಪರಿಶೀಲಿಸಬೇಕು.
* ಕುಟುಂಬದಲ್ಲಿ ಮೂರ್ಛೆ ರೋಗದ ಇತಿಹಾಸವಿದ್ದಲ್ಲಿ ವೈದ್ಯರ ಸಲಹೆ ಪಡೆಯಬೇಕು. ಆಡುವಾಗ ಕೋಣೆಯಲ್ಲಿ ಸಾಕಷ್ಟು ಬೆಳಕಿರಬೇಕು. ತಲೆಸುತ್ತು, ದೃಷ್ಟಿ ಮಂಜಾಗುವುದು, ಸ್ನಾಯುಗಳ ಸೆಳೆತ ಕಂಡುಬಂದಲ್ಲಿ ಕೂಡಲೇ ನಿಲ್ಲಿಸಬೇಕು.
* ಮಗುವು ಒಂದು ಆಟವನ್ನು ಹಠಾತ್ತನೆ ನಿಲ್ಲಿಸಿದರೆ, ಮಂಕಾದರೆ ಅಥವಾ ನಿದ್ರೆಗೆಟ್ಟರೆ, ಬೈಯದೆ ಏನನ್ನು ನೋಡಿದೆ ಎಂದು ಕೇಳಬೇಕು. ಮೊಬೈಲನ್ನು ಕಸಿದುಕೊಂಡರೆ ಮುಂದಿನ ಸಲ ಮಗುವು ಹೇಳದೇ ಇರುವ ಸಂಭವ ಹೆಚ್ಚು.
* ಸಂಕಟವಾದ ಆಟವನ್ನು ಅರ್ಧಕ್ಕೆ ಬಿಡುವುದು ಸೋಲಲ್ಲ ಎಂಬುದನ್ನು ಹಿರಿಯರೂ ಕಿರಿಯರೂ ಅರಿಯಬೇಕು.
* ಮನಸ್ಸಿನ ತೊಂದರೆ ಮುಂದುವರಿದಲ್ಲಿ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ನೋಡಲ್ ಸಂಸ್ಥೆಯಾಗಿದ್ದು, ಕನ್ನಡದಲ್ಲಿಯೂ ಸೇವೆ ಲಭ್ಯವಿದೆ.

ಉಪಸಂಹಾರ

ಎಚ್ಚರಿಕೆ ಸೂಚನೆಗೆ ತಯಾರಕರು ವ್ಯಯಿಸಬೇಕಾದುದು ಕೆಲವು ಸಾಲುಗಳು ಹಾಗೂ ಅಲ್ಪ ಪರಿಶ್ರಮ. ಅದರ ಅಗತ್ಯವಿಲ್ಲದ ಆಟಗಾರರಿಗೆ ಆಗುವ ತೊಂದರೆ ಕೆಲವು ಕ್ಷಣಗಳ ಓದು ಮಾತ್ರ. ಅಗತ್ಯವಿರುವವರಿಗೆ ಅದು ಗಾಯವನ್ನು ಮಾಯಿಸುವುದಿಲ್ಲ. ಆದರೆ ಆ ಗಾಯವನ್ನು ಯಾವಾಗ ಮುಟ್ಟಬೇಕು ಎಂಬ ನಿರ್ಧಾರವನ್ನು ಅವರ ಕೈಗೇ ಕೊಡುತ್ತದೆ. ಸೂಚನೆಯು ಸ್ಪಷ್ಟವಾಗಿದ್ದು, ಜೊತೆಯಲ್ಲಿ ಆಯ್ಕೆಯೂ ಇದ್ದಾಗ ಮಾತ್ರ ಈ ಉದ್ದೇಶ ಈಡೇರುತ್ತದೆ. ಸಾರ್ವಜನಿಕರು, ವಿಶೇಷವಾಗಿ ಪೋಷಕರು, ಆಟಗಳನ್ನು ಆಯ್ಕೆ ಮಾಡುವಾಗ ಮೇಲ್ಕಂಡ ಅಂಶಗಳನ್ನು ಗಮನಿಸಿ ಇದರ ಪ್ರಯೋಜನ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.